ಮಗಳು ಮಕರೋನಿಲಾತಿಕ್ಕೊ ಕೇಳಿದರೆ ಗಾಬರಿ ಬೇಡ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ ತಂಗಿ. ಫಿನ್‌ಲ್ಯಾಂಡಿನ ತಾಂಪೆರೆಗೆ ಬಂದು ಮೂರು ತಿಂಗಳು, ಹೆರ್ವಂತಾ ಬಡಾವಣೆಯಲ್ಲಿ ಮನೆ, ಅಕ್ಕಪಕ್ಕದವರು ಲಿಫ್ಟ್‌ನಲ್ಲಿ ಸಿಕ್ಕರೂ ಮಾತಾಡುವುದಿಲ್ಲ, ನಾಲ್ಕು ವರ್ಷದ ಮಗಳು ಡೇಕೇರ್‌ನಿಂದ ಬಂದವಳೇ ಸಾರನ್ನ ಬೇಡ, ಮಕರೋನಿಲಾತಿಕ್ಕೊ ಕೊಡು ಅಂತ ಅಳುತ್ತಾಳೆ. ನೀವು ಸಸ್ಯಾಹಾರಿಗಳು ಬೇರೆ. "ನಮ್ಮ ರುಚಿನೇ ಮರೆತುಬಿಡ್ತಾಳಾ ಅಕ್ಕ, ಇಲ್ಲಿ ಬದುಕೋದು ಹೇಗೆ?" ಅಂತ ಕೇಳಿದ್ದೀರಿ. ಬ್ಯಾಂಕು, ಬಾಡಿಗೆ, ಚಳಿಗಾಲದ ಬೂಟು ಎಲ್ಲಾ ಯಾರಾದರೂ ಹೇಳಿಕೊಡುತ್ತಾರೆ. ನಾನು ಆ ಲಾತಿಕ್ಕೊ ಬಗ್ಗೆಯೇ ಬರೆಯುತ್ತೇನೆ. ನನಗೆ ಫಿನ್‌ಲ್ಯಾಂಡ್ ಹತ್ತಿರವಾದದ್ದು ಅದರಿಂದಲೇ.

ಲಾತಿಕ್ಕೊ ಅಂದರೆ ಪೆಟ್ಟಿಗೆ. ಅಗಲದ ಪಾತ್ರೆಯಲ್ಲಿ ತುಂಬಿಸಿ ಓವನ್‌ನಲ್ಲಿ ಬೇಯಿಸಿದ ಅಡುಗೆಗೂ ಅದೇ ಹೆಸರು. ಬೇಯಿಸಿದ ಮ್ಯಾಕರೋನಿ, ಈರುಳ್ಳಿ ಜೊತೆ ಹುರಿದ ಖೀಮಾ, ಮೇಲಿಂದ ಹಾಲಿಗೆ ಮೊಟ್ಟೆ ಕದಡಿ ಸುರಿದರೆ ಆಯಿತು. ಉಪ್ಪು, ಬಿಳಿ ಮೆಣಸು ಬಿಟ್ಟರೆ ಮಸಾಲೆ ಇಲ್ಲ. ಮೇಲೆ ಕೆಚಪ್. ನಮ್ಮ ನಾಲಗೆಗೆ ಮೊದಲ ಸಲ ಸಪ್ಪೆ ಅನ್ನಿಸುತ್ತದೆ, ನಿಜ. ಆದರೆ ಇಲ್ಲಿ 1948ರಿಂದ ಶಾಲೆಯಲ್ಲಿ ಮಕ್ಕಳಿಗೆ ಉಚಿತ ಊಟ, ಆ ತಟ್ಟೆಯಲ್ಲಿ ಇದು ಬಂದೇ ಬರುತ್ತದೆ. ಮುದುಕರಿಂದ ಮಕ್ಕಳವರೆಗೆ ತಿನ್ನದೇ ಇದ್ದವರು ಸಿಗುವುದು ಕಷ್ಟ. ನಮಗೆ ಮೊಸರನ್ನ ಹೇಗೋ ಇವರಿಗೆ ಇದು ಹಾಗೆ.

ನಾನು ಸಾಗರದ ಕಡೆಯವಳು, ನನ್ನ ಗಂಡ ಇಲ್ಲಿಯವರೇ. 2006ರ ನವೆಂಬರ್‌ನಲ್ಲಿ ಬಂದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಒಂಬತ್ತೂವರೆ ದಾಟಿದ ಮೇಲೆ ಬೆಳಕು, ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು. ಗಂಡ ಕೆಲಸಕ್ಕೆ ಹೋದರೆ ದಿನವಿಡೀ ಒಂದು ಮಾತಿಲ್ಲ. ಒಂದು ದಿನ ಅತ್ತೆ ಬಂದರು. ಟವೆಲ್ ಸುತ್ತಿದ ಗಾಜಿನ ಪಾತ್ರೆ ಎರಡು, ಎರಡರಲ್ಲೂ ಲಾತಿಕ್ಕೊ. ಒಂದರ ಮೇಲೆ ಟೊಮೇಟೊ ಬಿಲ್ಲೆ ಜೋಡಿಸಿತ್ತು. ಅದನ್ನು ತೋರಿಸಿ "ಇದು ನಿನ್ನದು" ಅಂದರು, ಅಷ್ಟೇ. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ. ಹಾಗಾಗಿ ನನಗೋಸ್ಕರ ಸೋಯಾ ತರಿ ಹಾಕಿ ಬೇರೆಯೇ ಮಾಡಿದ್ದರು, ಅದಲುಬದಲು ಆಗಬಾರದು ಅಂತ ಟೊಮೇಟೊ ಗುರುತು. ಹೇಗಿದ್ದೀಯಾ, ಬೇಜಾರಾ ಅಂತ ಒಂದು ಮಾತು ಕೇಳಲಿಲ್ಲ. ಕಾಫಿ ಕುಡಿದರು, ಎದ್ದು ಹೋದರು. ಊರಲ್ಲಿ ನಮ್ಮಮ್ಮ ಆಗಿದ್ದರೆ ಎರಡು ಗಂಟೆ ಮಾತಾಡುತ್ತಿದ್ದರು. ಇಲ್ಲಿಯವರಿಗೆ ಪ್ರೀತಿ ಜಾಸ್ತಿ, ಮಾತು ಕಡಿಮೆ. ಅದು ಅರ್ಥವಾಗೋಕೆ ನನಗೆ ವರ್ಷ ಬೇಕಾಯಿತು, ನಿಮಗೆ ಈಗಲೇ ಹೇಳುತ್ತಿದ್ದೇನೆ. ಲಿಫ್ಟ್‌ನಲ್ಲಿ ಸುಮ್ಮನಿರುವವರು ನಿಮ್ಮನ್ನು ದೂರ ಇಡುತ್ತಿಲ್ಲ, ಸುಮ್ನೆ ತೊಂದರೆ ಕೊಡೋದು ಬೇಡ ಅಂದುಕೊಂಡಿರುತ್ತಾರೆ.

ಆ ಅಡುಗೆ ಅತ್ತೆಗೆ ಬಂದದ್ದು ಅವರ ಅಮ್ಮನಿಂದ. ಅಜ್ಜಿ ಆಗ ಫಿನ್‌ಲ್ಯಾಂಡಿನ ಪೂರ್ವ ಅಂಚಿನಲ್ಲಿದ್ದ ಕರೇಲಿಯಾದವರು. 1939ರಲ್ಲಿ ಸೋವಿಯತ್ ಜೊತೆ ಯುದ್ಧ ಶುರುವಾದಾಗ ಅವರಿಗೆ ಏಳು ವರ್ಷ. ಮನೆ ಬಿಟ್ಟು ಹೊರಟರು, ನಡುವೆ ವಾಪಸ್ ಹೋದರು, 1944ರಲ್ಲಿ ಮತ್ತೆ ಬಿಟ್ಟರು. ಆಮೇಲೆ ಆ ನೆಲವೇ ಗಡಿಯ ಆಚೆಗೆ ಹೋಯಿತು. ಹಾಗೆ ಮನೆ ಕಳೆದುಕೊಂಡವರು ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಯಾರದೋ ಮನೆಯ ಒಂದು ಕೋಣೆಯಲ್ಲಿ ಇಡೀ ಸಂಸಾರ ಇತ್ತಂತೆ, ಶಾಲೆಯಲ್ಲಿ ಇವರ ಮಾತಿನ ಧಾಟಿ ಕೇಳಿ ಮಕ್ಕಳು ನಗುತ್ತಿದ್ದರಂತೆ. ನನ್ನ ಹರಕು ಮುರುಕು ಫಿನ್ನಿಷ್ ಕೇಳಿ ಒಂದು ದಿನವೂ ನಗದೇ ಇದ್ದವರು ಅಜ್ಜಿ ಮಾತ್ರ. ಅವರೇ ನನಗೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಲಾತಿಕ್ಕೊ ಕಲಿಸಿದರು.

ಅಜ್ಜಿಯ ನೋಟ್‌ಬುಕ್ ಈಗ ನಮ್ಮ ಮನೆಯಲ್ಲಿದೆ. ಆ ಪುಟದ ಮೂಲೆಗೆ ಬೆಣ್ಣೆ ಹತ್ತಿ ಹಿಂದಿನ ಅಕ್ಷರ ಮುಂದೆ ಕಾಣುತ್ತದೆ. ಮೊಟ್ಟೆ ಅನ್ನುವ ಕಡೆ ಮೊದಲು 1 ಅಂತಿದೆ. ಅದನ್ನು ಹೊಡೆದುಹಾಕಿ 2. ಅದೂ ಅಜ್ಜಿಯದೇ ಕೈ, ಪೆನ್ನು ಬೇರೆ. ಯುದ್ಧ ಮುಗಿದ ಮೇಲೂ ಇಲ್ಲಿ ರೇಷನ್ ಇತ್ತು, ಕೊನೆಯದಾಗಿ ಕಾಫಿಯ ರೇಷನ್ ತೆಗೆದದ್ದು 1954ರಲ್ಲಿ. ಕೈಬಿಗಿ ಆಮೇಲೂ ಬೇಗ ಹೋಗಲಿಲ್ಲ ಅನ್ನುತ್ತಿದ್ದರು. 2 ಹೊಡೆದು 3 ಮಾಡಿದ್ದು ಅತ್ತೆ. ಅದರ ಕೆಳಗೆ ಕನ್ನಡದಲ್ಲಿ "ಸೋಯಾ ತರಿ 2 ಡೆಸಿ, ಬಿಸಿನೀರಲ್ಲಿ ನೆನೆಸಿ ಚೆನ್ನಾಗಿ ಹಿಂಡು" ಅಂತ ಬರೆದಿರೋದು ನಾನು. ನನ್ನ ಅಕ್ಷರ ಆ ಪುಟಕ್ಕೆ ಬಿದ್ದ ದಿನ ಅತ್ತೆ ಅದರ ಮೇಲೆ ಬೆರಳಿಟ್ಟು "ಓದು" ಅಂದರು. ಓದಿದೆ. ಇನ್ನೊಂದು ಸಲ ಓದಿಸಿದರು.

ಅಳತೆ ಬರೆದುಕೊಳ್ಳಿ. ಮ್ಯಾಕರೋನಿ ಒಂದು ಪ್ಯಾಕೆಟ್, 400 ಗ್ರಾಂ, ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಬಸಿಯಿರಿ. ಇಲ್ಲಾಂದ್ರೆ ಓವನ್‌ನಲ್ಲಿ ಮುದ್ದೆಯಾಗುತ್ತದೆ. ಎರಡು ಈರುಳ್ಳಿ ಬೆಣ್ಣೆಯಲ್ಲಿ ಕೆಂಪಗೆ ಹುರಿದು ಹಿಂಡಿದ ಸೋಯಾ ಹಾಕಿ, ಅದರ ಹಸಿ ವಾಸನೆ ಹೋಗುವವರೆಗೂ ಕೈ ಬಿಡಬೇಡಿ, ರುಚಿ ನಿಂತಿರೋದೇ ಇದರ ಮೇಲೆ. ಹಾಲು 7 ಡೆಸಿಲೀಟರ್, ಅಂದರೆ 700 ಮಿಲಿ. ನೀವು ಮೊಟ್ಟೆ ಬಳಸದಿದ್ದರೆ ಮೂರು ಚಮಚ ಮೈದಾ ಬೆಣ್ಣೆಯಲ್ಲಿ ಹುರಿದು, ಹಾಲು ಸ್ವಲ್ಪ ಸ್ವಲ್ಪ ಸೇರಿಸಿ ತೆಳು ಗಂಜಿಯ ಹದಕ್ಕೆ ತನ್ನಿ. ಬೆಣ್ಣೆ ಸವರಿದ ಪಾತ್ರೆಗೆ ಎಲ್ಲ ಹಾಕಿ, ಮೇಲೆ ತುರಿದ ಚೀಸ್, 200 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಮೂಲೆಗಳಲ್ಲಿ ಕಂದು ಪದರ ಕಟ್ಟುತ್ತದೆ, ಗರಿಗರಿ. ತುಪ್ಪ ಕಾಯಿಸಿದ ಪಾತ್ರೆಗೆ ಅನ್ನ ಕಲಸಿ ತಿನ್ನೋಕೆ ನಾವು ಜಗಳ ಆಡುತ್ತಿದ್ದೆವಲ್ವಾ, ನನ್ನ ಮಕ್ಕಳು ಆ ಮೂಲೆಗೆ ಹಾಗೆ ಆಡುತ್ತಾರೆ.

ಮಗಳು ರುಚಿ ಮರೆಯುವುದಿಲ್ಲ. ನನ್ನ ಮಕ್ಕಳಿಗೆ ಈಗ ಹದಿನಾರು, ಹದಿಮೂರು. ಜ್ವರ ಬಂದರೆ ದೊಡ್ಡವನಿಗೆ ತಿಳಿಸಾರೇ ಆಗಬೇಕು, ಚಿಕ್ಕವಳಿಗೆ ಲಾತಿಕ್ಕೊ. ಡೇಕೇರ್‌ನಲ್ಲಿ ಸಸ್ಯಾಹಾರ, ಮೊಟ್ಟೆ ಬೇಡ ಅಂತ ಬರೆದುಕೊಡಿ, ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಮನೆಯಲ್ಲಿ ವಾರಕ್ಕೊಂದು ದಿನ ಅವಳು ಕೇಳಿದ್ದನ್ನೇ ಮಾಡಿ, ಮಾಡುವಾಗ ಕನ್ನಡದಲ್ಲೇ ಮಾತಾಡಿ, ಹಾಲು ಸುರಿಯುವ ಕೆಲಸ ಅವಳಿಗೇ ಬಿಡಿ.

ಈ ಶನಿವಾರ ಮಗಳನ್ನು ಕರೆದುಕೊಂಡು ಟ್ರಾಮ್ ಹತ್ತಿ ನಮ್ಮ ಮನೆಗೆ ಬನ್ನಿ. ಅತ್ತೆಯೂ ಇರುತ್ತಾರೆ. ಟೊಮೇಟೊ ಬಿಲ್ಲೆ ಇಟ್ಟದ್ದು ನಿಮ್ಮ ಪಾತ್ರೆ, ಮೊಟ್ಟೆ ಹಾಕಿರುವುದಿಲ್ಲ.