3 ವರ್ಷದ ಮಗು ಕಟ್ಕೊಂಡು ಡಿಸೆಂಬರಲ್ಲಿ ಸ್ಪೇನಾ? ಹೋಗಿ, ಆದ್ರೆ ಒಂದೇ ಊರಿಗೆ

ನೀವು ಕೇಳಿರೋದು ಇಷ್ಟು: ಡಿಸೆಂಬರ್ ಕೊನೇಲಿ ಬೆಂಗಳೂರಿಂದ 12 ದಿನ, ಗಂಡ ಹೆಂಡ್ತಿ, 3 ವರ್ಷದ ಮಗ, ಜೊತೆಗೆ ನಿಮ್ಮತ್ತೆ, ಬಾರ್ಸಿಲೋನಾ, ಮ್ಯಾಡ್ರಿಡ್, ಸೆವಿಯಾ, ಗ್ರನಾಡಾ, ಪಕ್ಕದ ಪೋರ್ಚುಗಲ್‌ನ ಲಿಸ್ಬನ್ ಐದೂ ನೋಡ್ಬೋದಾ, ಚಳಿ ಎಷ್ಟಿರತ್ತೆ, ವೆಜ್ ಊಟ ಸಿಗತ್ತಾ ಅಂತ. ನೋಡ್ಬೋದು, ಯಾರೂ ಬೇಡ ಅನ್ನಲ್ಲ, ಆದ್ರೆ ನಿಮ್ಮ ಮಗ ನೋಡೋದು ಐದು ಊರಿನ ಸೂಟ್‌ಕೇಸ್ ಪ್ಯಾಕಿಂಗ್ ಮಾತ್ರ.

ನಾವಿರೋದು ಜರ್ಮನೀಲಿ. ಇಲ್ಲಿ ಡಿಸೆಂಬರಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಮಗಳಿಗೆ ಆಗ 3 ತುಂಬಿತ್ತು, ಊರಿಂದ ಅಮ್ಮ ಬಂದಿದ್ರು, ಬಂದಾಗಿಂದ ಕಿಟಕಿ ಹತ್ರ ಕೂತು "ಸೂರ್ಯ ಅನ್ನೋನು ಇಲ್ಲಿಗೆ ಬರೋದೇ ಇಲ್ವೇನೇ" ಅಂತ ಕೇಳೋರು. ಅದಕ್ಕೇ ಸ್ಪೇನಿನ ದಕ್ಷಿಣ ಕರಾವಳಿಯ ಮಲಗಾ ಊರಿಗೆ ಹತ್ತು ದಿನಕ್ಕೆ ಒಂದೇ ಅಪಾರ್ಟ್‌ಮೆಂಟ್ ಬುಕ್ ಮಾಡಿದ್ವಿ, ಮಧ್ಯ ಎಲ್ಲೂ ಮನೆ ಬದಲಾಯಿಸಲಿಲ್ಲ. ಆ ಟ್ರಿಪ್ಪಲ್ಲಿ ನಾವು ಮಾಡಿದ ಒಂದೇ ಬುದ್ಧಿವಂತಿಕೆ ಕೆಲಸ ಅದು.

ಚಳಿ ವಿಷ್ಯ ಮೊದ್ಲು ಹೇಳ್ತೀನಿ, ಯಾಕಂದ್ರೆ ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಮಲಗಾದಲ್ಲಿ ಆ ಟೈಮಲ್ಲಿ ಮಧ್ಯಾಹ್ನ 16-17 ಡಿಗ್ರಿ, ರಾತ್ರಿ 8ರ ಹತ್ರ. ಕೇಳೋಕೆ ನಮ್ಮ ಮಡಿಕೇರಿ ಚಳಿ ತರಾನೇ ಇದೆಯಲ್ಲ ಅನ್ಸತ್ತೆ, ಹೊರಗಡೆ ಬಿಸಿಲಲ್ಲಿ ಹಾಗೇ ಇರತ್ತೆ ಕೂಡ, ಸ್ವೆಟರ್ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಓಡಾಡ್ತೀವಿ. ತೊಂದ್ರೆ ಇರೋದು ಮನೆ ಒಳಗೆ. ಅಲ್ಲಿನ ಮನೆಗಳನ್ನ ಕಟ್ಟಿರೋದು ಬೇಸಿಗೆ ಸೆಕೆಗೆ, ಟೈಲ್ಸ್ ನೆಲ, ಎಷ್ಟೋ ಮನೇಲಿ ಹೀಟರ್ ಅಂತ ಬೇರೆ ಇರಲ್ಲ, ಗೋಡೆ ಮೇಲಿನ ಎಸಿನೇ ಬಿಸಿ ಗಾಳಿ ಬಿಡ್ಬೇಕು, ಅದು ಆಫ್ ಮಾಡಿದ ಹತ್ತು ನಿಮಿಷಕ್ಕೆ ಕೋಣೆ ಮತ್ತೆ ಫ್ರಿಜ್. ಹೊರಗಿಂತ ಒಳಗೇ ಚಳಿ ಜಾಸ್ತಿ! ಮೈನಸ್ ಡಿಗ್ರೀಲಿ ಇದ್ದು ಅಭ್ಯಾಸ ಆದ ನಾವೇ ಮೊದಲನೇ ರಾತ್ರಿ ಜಾಕೆಟ್ ಹಾಕ್ಕೊಂಡು ಮಲಗಿದ್ವಿ. ಅದಕ್ಕೇ ಬುಕ್ ಮಾಡೋಕೆ ಮುಂಚೆ ಓನರ್‌ಗೆ ಮೆಸೇಜ್ ಮಾಡಿ "ಎಲ್ಲಾ ರೂಮಲ್ಲೂ ಹೀಟಿಂಗ್ ಇದೆಯಾ" ಅಂತ ಕೇಳಿ, ಅಲ್ಲಿ ಅದಕ್ಕೆ ಕಲೆಫಕ್ಸಿಯೋನ್ ಅಂತಾರೆ. ಅತ್ತೆಗೆ ಮನೆ ಒಳಗೆ ಹಾಕೋ ಚಪ್ಪಲಿ, ದಪ್ಪ ಸಾಕ್ಸು ಮರೀಬೇಡಿ. ಇನ್ನೊಂದು, ಆ ಕಡೆ ಮಳೆಗಾಲ ಅಂದ್ರೆ ನವೆಂಬರ್-ಡಿಸೆಂಬರೇ, ನಮಗೆ ಎರಡು ದಿನ ಪೂರ್ತಿ ಸುರೀತು.

ಬೆಳಕಿಗೆ ಮಾತ್ರ ಬರ ಇಲ್ಲ. ಸೂರ್ಯ ಮುಳುಗೋದು 6 ಗಂಟೆ ಆದ್ಮೇಲೆ, ಹುಟ್ಟೋದು ಎಂಟೂವರೆ ಹತ್ರ, ಹಾಗಾಗಿ ಮಗು ಲೇಟಾಗಿ ಏಳತ್ತೆ, ನಿಮಗೂ ನಿದ್ದೆ ಆಗತ್ತೆ.

ಮಗಳಿಗೆ ಏನು ಇಷ್ಟ ಆಯ್ತು ಅಂತ ಕೇಳಿದ್ರೆ ಅಲ್ಕಸಾಬಾ ಕೋಟೆ ಅಲ್ಲ, ಪಿಕಾಸೊ ಹುಟ್ಟಿದ ಊರು ಅಂತ ಅವರಪ್ಪ ಆಸೆಪಟ್ಟು ಕರ್ಕೊಂಡು ಹೋದ ಮ್ಯೂಸಿಯಮ್ಮೂ ಅಲ್ಲ (ಹದಿನೈದೇ ನಿಮಿಷ, ಆಮೇಲೆ ಸುಸ್ಸು). ಮಲಗೆತಾ ಬೀಚಿನ ಮರಳು, ಆಮೇಲೆ ಲೋಕಲ್ ಟ್ರೇನು. ಸಿ1 ಅಂತ ಒಂದು ಲೈನ್ ಇದೆ, ಊರ ಮಧ್ಯದಿಂದ ಏರ್‌ಪೋರ್ಟ್ ಮೇಲೆ ಹಾದು ಸಮುದ್ರದ ಪಕ್ಕ ಫುಯೆಂಗಿರೋಲಾ ತನಕ ಹೋಗತ್ತೆ, ಹಗಲು ಹೊತ್ತು 20 ನಿಮಿಷಕ್ಕೊಂದು, ಕೊನೇ ತನಕ ಮುಕ್ಕಾಲು ಗಂಟೆ. ಅದರಲ್ಲಿ ಬೆನಾಲ್ಮದೆನಾ ಸ್ಟೇಷನ್ನಲ್ಲಿ ಇಳಿದು ನಡ್ಕೊಂಡು ಹೋದ್ರೆ ಪಲೋಮಾ ಅಂತ ದೊಡ್ಡ ಪಾರ್ಕು, ಟಿಕೆಟ್ ಇಲ್ಲ, ಮೊಲ, ಕೋಳಿ, ಹುಂಜ ಎಲ್ಲಾ ಹಂಗೇ ಕಾಲಡಿ ಓಡಾಡ್ಕೊಂಡಿರತ್ವೆ. ಮೂರು ಸಲ ಹೋದ್ವಿ ಸ್ವಾಮಿ ಆ ಪಾರ್ಕಿಗೆ! ಸ್ಪೇನಿಗೆ ಬಂದು ಕೋಳಿ ನೋಡ್ತಾ ಕೂತಿದೀವಲ್ಲ ಅಂತ ನಮ್ಮನೆಯವರು ಗೊಣಗಿದ್ರು. ಅದೇ ಬೆನಾಲ್ಮದೆನಾದ ಗುಡ್ಡದ ಮೇಲೆ 33 ಮೀಟರ್ ಎತ್ತರದ ಬೌದ್ಧ ಸ್ತೂಪ ಇದೆ, 2003ರಲ್ಲಿ ಕಟ್ಟಿದ್ದು, ಅಮ್ಮ ಅದನ್ನ ನೋಡಿದ್ದೇ ಬೈಲಕುಪ್ಪೆ ಇದ್ದಂಗಿದೆ ಅಂತ ಚಪ್ಪಲಿ ಬಿಟ್ಟು ಮೂರು ಸುತ್ತು ಪ್ರದಕ್ಷಿಣೆ ಹಾಕಿದ್ರು, ಕೆಳಗೆ ನೀಲಿ ಸಮುದ್ರ, ಪಕ್ಕದಲ್ಲಿ ಯಾರೋ ಇಂಗ್ಲಿಷ್ ಅಜ್ಜಿ ಇವರನ್ನ ನೋಡಿ ತಾನೂ ಹಿಂದೆ ಹಿಂದೆ ಸುತ್ತಿದ್ಲು.

ಗ್ರನಾಡಾ ಒಂದು ದಿನ ಹೋಗಿ ಬಂದ್ವಿ, ಅದೇ ನಮ್ಮ ತಪ್ಪು. ಬಸ್ಸಲ್ಲಿ ಒಂದೂವರೆ ಗಂಟೆ ಮೇಲೆ, ತಿರುವಲ್ಲಿ ಮಗಳು ವಾಂತಿ ಮಾಡ್ಕೊಂಡ್ಲು, ಅಲ್ಲಿನ ಹಳೇ ಕೋಟೆ ಅಲ್ಹಂಬ್ರಾದ ನಸ್ರಿದ್ ಅರಮನೆಗೆ ಟಿಕೆಟಲ್ಲಿ ಬರೆದ ಟೈಮಿಗೇ ಒಳಗೆ ಹೋಗ್ಬೇಕು, ಲೇಟಾದ್ರೆ ಬಿಡಲ್ಲ, ಓಡ್ಕೊಂಡು ಹೋಗಿ ನಿಂತ್ವಿ. ಅರಮನೆ ಒಳಗೆ ಸ್ಟ್ರೋಲರ್ ಬಿಡಲ್ಲ, ಎತ್ಕೊಂಡೇ ಇರ್ಬೇಕು. ಊರು ಸುಮಾರು 700 ಮೀಟರ್ ಎತ್ತರದಲ್ಲಿರೋದ್ರಿಂದ ಮಲಗಾಗಿಂತ ಚಳಿ ಬೇರೆ ಲೆವೆಲ್, ಹಿಂದೆ ಸಿಯೆರಾ ನೆವಾಡ ಬೆಟ್ಟದಲ್ಲಿ ಬಿಳೀ ಹಿಮ ಕಾಣ್ಸತ್ತೆ. ಅರಮನೆಯ ಸಿಂಹದ ಅಂಗಳದಲ್ಲಿ ಕಾರಂಜಿ ಸುತ್ತ 12 ಕಲ್ಲಿನ ಸಿಂಹ, ಮಗಳು ಏಳರ ತನಕ ಎಣಿಸಿ ಆಮೇಲೆ ಸೀದಾ "ಇಪ್ಪತ್ತು" ಅಂದ್ಲು. ಹೋಗೋದಾದ್ರೆ ಅಲ್ಲೇ ಒಂದು ರಾತ್ರಿ ಉಳ್ಕೊಳ್ಳಿ, ಟಿಕೆಟ್ ತುಂಬಾ ಮುಂಚೆ ತಗೊಳ್ಳಿ, ಪಾಸ್‌ಪೋರ್ಟ್ ಕೈಯಲ್ಲಿರಲಿ. ಕಮಿನಿತೊ ದೆಲ್ ರೇ ಅಂತ ಬಂಡೆಗೆ ಅಂಟಿಸಿರೋ ಹಾದಿಯ ಫೋಟೋ ನೋಡಿ ಆಸೆ ಪಡ್ಬೇಡಿ, 8 ವರ್ಷ ಆಗದ ಮಕ್ಕಳನ್ನ ಬಿಡಲ್ಲ. ಲಿಸ್ಬನ್ ಪೂರ್ತಿ ಹತ್ತಿ ಇಳಿಯೋ ಊರು, ಅತ್ತೆ ಮಂಡಿ ನೆನಪಿಸ್ಕೊಂಡು ಡಿಸೈಡ್ ಮಾಡಿ.

ಊಟ. ಹೋಟೆಲ್‌ಗಳಲ್ಲಿ ರಾತ್ರಿ ಅಡುಗೆ ಶುರು ಆಗೋದೇ ಎಂಟು, ಎಂಟೂವರೆಗೆ, ಅಷ್ಟೊತ್ತಿಗೆ ಮಗು ಅತ್ತು ಮಲಗಿರತ್ತೆ. ಅದಕ್ಕೆ ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಚೆನ್ನಾಗಿ ತಿಂದು ರಾತ್ರಿ ಮನೇಲಿ ಮೊಸರನ್ನ, ಹೀಗೇ ನಡೀತು. ಸೂಪರ್‌ಮಾರ್ಕೆಟಲ್ಲಿ ಸಿಗೋ ಗುಂಡು ಅಕ್ಕಿ ಬೆಂದ್ರೆ ಮುದ್ದೆ ಆಗತ್ತೆ, ಮಗುಗೆ ಹೇಳಿ ಮಾಡಿಸಿದಂಗಿರತ್ತೆ, ಕೆಂಪು ಮಸೂರ್ ಬೇಳೆ ಸಿಗತ್ತೆ, ತೊಗರಿ ಬೇಳೆ ಮಾತ್ರ ನೀವೇ ತನ್ನಿ. ಅಮ್ಮ ಸೂಟ್‌ಕೇಸಲ್ಲಿ ಚಿಕ್ಕ ಅಲ್ಯೂಮಿನಿಯಂ ಕುಕ್ಕರ್ ತಂದಿದ್ರು, ಮನೇಲಿದ್ದಿದ್ದು ಇಂಡಕ್ಷನ್ ಒಲೆ, ಅದ್ರ ಮೇಲೆ ಅದು ಬಿಸಿ ಆಗಲ್ಲ, ಕುಕ್ಕರ್ ಹತ್ತು ದಿನ ಶೋಪೀಸ್. ಹೊರಗೆ ಬದನೆಕಾಯಿ ಕರಿದು ಕಬ್ಬಿನ ಪಾಕ ಸುರಿದು ಕೊಡ್ತಾರೆ, ಅದೊಂದು ತಿನ್ಲೇಬೇಕು. ಬೆಳಿಗ್ಗೆ ಬಿಸಿ ಬಿಸಿ ತೆಹೆರಿಂಗೊ, ಎಣ್ಣೇಲಿ ಕರಿದ ಚುರ್ರೊ ತಿಂಡಿಗೆ ಮಲಗಾದೋರು ಇಟ್ಟಿರೋ ಹೆಸರು, ಮೈದಾ ನೀರು ಉಪ್ಪು ಅಷ್ಟೇ, ಮೊಟ್ಟೆ ಇಲ್ಲ, ಗಟ್ಟಿ ಚಾಕಲೇಟಲ್ಲಿ ಅದ್ಕೊಂಡು ತಿನ್ನೋದು. ಆದ್ರೆ ವೆಜ್ ಅಂದ್ರೂ ಸೊಪ್ಪಿನ ಮೇಲೆ, ಸೂಪಿನ ಮೇಲೆ ಹಂದಿ ಮಾಂಸದ ಚೂರು ಉದುರಿಸಿ ತಂದಿಡ್ತಾರೆ, ಅವರ ಲೆಕ್ಕದಲ್ಲಿ ಅದು ಒಗ್ಗರಣೆ ಇದ್ದಂಗೆ. "ಸಿನ್ ಹಮೋನ್", ಅಂದ್ರೆ ಹಂದಿ ಮಾಂಸ ಬೇಡ, ಅಂತ ಮುಂಚೇನೇ ಹೇಳ್ಬಿಡಿ. ಬೀದಿ ಬದಿ ಮರದ ತುಂಬ ಕಿತ್ತಳೆ ನೇತಾಡ್ತಿರತ್ತೆ, ಕಿತ್ತು ಕೊಡು ಅಂತ ಮಗ ಹಟ ಮಾಡ್ತಾನೆ ನೋಡಿ, ಬಾಯಿಗಿಟ್ರೆ ಹೇರಳೆಕಾಯಿ ಥರ ಕಹಿ ಹುಳಿ. ಇದ್ರಲ್ಲಿ ಚಿತ್ರಾನ್ನ ಮಾಡ್ಬೋದು ಅಂತ ಅಮ್ಮನ ತೀರ್ಪು.

ಈಗ ಮುಖ್ಯ ಮಾತು. ಐದನೇ ರಾತ್ರಿ ಮಗಳಿಗೆ 39 ಡಿಗ್ರಿ ಜ್ವರ, ನಮ್ಮೂರ ಲೆಕ್ಕದಲ್ಲಿ 102. ನಮ್ಮನೆಯವರು ಹಸಿರು ಪ್ಲಸ್ ಲೈಟ್ ಹುಡುಕ್ಕೊಂಡು ರಾತ್ರಿ ಡ್ಯೂಟಿ ಇರೋ ಫಾರ್ಮಸಿಯಿಂದ ಅಪಿರೆತಾಲ್ ಅಂತ ಸಿರಪ್ ತಂದ್ರು, ಅದೂ ಪ್ಯಾರಾಸಿಟಮಾಲೇ. ಅಮ್ಮ ಊರಲ್ಲಿ ಕೊಡೋ ಅಭ್ಯಾಸಕ್ಕೆ 5 ಎಂಎಲ್ ಅಳೆದು ಇಟ್ಟಿದ್ರು. ಬಾಟಲಿ ಮೇಲೆ ಓದಿದ್ರೆ 1 ಎಂಎಲ್‌ಗೆ 100 ಮಿಲಿಗ್ರಾಂ! ನಮ್ಮೂರಿನ 250ರ ಸಿರಪ್ಪಲ್ಲಿ 5 ಎಂಎಲ್‌ಗೆ 250 ಮಿಲಿಗ್ರಾಂ, ಇದ್ರಲ್ಲಿ 500, ಅಂದ್ರೆ ಇದು ಡಬಲ್ ಸ್ಟ್ರಾಂಗ್. ಬಾಯಿ ಹತ್ರ ಹೋಗಿದ್ದನ್ನ ತಡೆದ್ವಿ, ಈಗ ನೆನೆಸ್ಕೊಂಡ್ರೂ ಕೈ ತಣ್ಣಗಾಗತ್ತೆ. ಮಗು ತೂಕ ಎಷ್ಟು ಕೆಜಿ ಅಂತ ಹೊರಡೋ ಮುಂಚೆ ನೋಡ್ಕೊಳ್ಳಿ, ಫಾರ್ಮಸಿಯವರಿಗೆ ಅದನ್ನ ಹೇಳಿದ್ರೆ ಎಷ್ಟು ಅಂತ ಬರೆದು ಕೊಡ್ತಾರೆ. ಎಮರ್ಜೆನ್ಸಿ ನಂಬರ್ 112.

ವೀಸಾ ಚುಟುಕಾಗಿ: 6 ತಿಂಗಳು ಮುಂಚೇನೇ ಅರ್ಜಿ ಹಾಕ್ಬೋದು, ದೊಡ್ಡೋರಿಗೆ ಫೀಸು 90 ಯೂರೋ, 6 ವರ್ಷದ ಒಳಗಿನ ಮಕ್ಕಳಿಗೆ ಇಲ್ಲ, 12ರ ಒಳಗಿನೋರಿಗೆ ಬೆರಳಚ್ಚೂ ಇಲ್ಲ, ಇನ್ಶೂರೆನ್ಸ್ 30,000 ಯೂರೋ ಕವರ್ ಇರೋದೇ ಆಗ್ಬೇಕು.

ಹೊಸ ವರ್ಷದ ರಾತ್ರಿ 12 ಗಂಟೆಗೆ ಗಡಿಯಾರ ಬಾರಿಸ್ದಂಗೆ 12 ದ್ರಾಕ್ಷಿ ತಿನ್ನೋದು ಅಲ್ಲಿ ಪದ್ಧತಿ, ಮಗುಗೆ ಇಡೀ ದ್ರಾಕ್ಷಿ ಕೊಡ್ಬೇಡಿ, ಗಂಟಲಿಗೆ ಸಿಕ್ಕಾಕ್ಕೊಳತ್ತೆ, ಉದ್ದಕ್ಕೆ ಸೀಳಿ ಕೊಡಿ.

ನಿಮ್ಮ ರಿಟರ್ನ್ ಟಿಕೆಟ್ ಜನವರಿ 4ಕ್ಕೆ ಅಂತ ಬರೆದಿದೀರ, ಆದ್ರೆ 7ಕ್ಕೆ ಹಾಕಿಸಿ. ಅಲ್ಲಿ ಮಕ್ಕಳ ನಿಜವಾದ ಹಬ್ಬ ಕ್ರಿಸ್‌ಮಸ್ ಅಲ್ಲ, ಜನವರಿ 5ರ ಸಂಜೆ ಬರೋ ಮೂರು ರಾಜರ ಮೆರವಣಿಗೆ. ಮೆಲ್ಚೋರ್, ಗಾಸ್ಪಾರ್, ಬಾಲ್ತಸಾರ್ ಮೂರೂ ಜನ ಅಲಂಕಾರದ ಗಾಡಿ ಮೇಲೆ ಕೂತು ಕೈ ತುಂಬ ಮಿಠಾಯಿ ಎಸೀತಾರೆ. ನಮ್ಮಲ್ಲಿ ಜನ ತೇರಿಗೆ ಬಾಳೆಹಣ್ಣು ಎಸೆದ್ರೆ ಇಲ್ಲಿ ತೇರೇ ಜನಕ್ಕೆ ಎಸೀತಿದೆಯಲ್ಲ ಅಂತ ಅಮ್ಮ ಶಾಲು ಚಾಚಿ ನಿಂತ್ರು, ಒಂದು ಮಿಠಾಯಿ ಬಂದು ಕನ್ನಡಕಕ್ಕೇ ಬಿತ್ತು, ಆದ್ರೂ ಬಗ್ಗಿ ಬಗ್ಗಿ ಆರಿಸಿದ್ದೇ ಆರಿಸಿದ್ದು. ಮಾರನೇ ದಿನ, ಜನವರಿ 6ಕ್ಕೆ, ಅಂಗಡಿ ಎಲ್ಲಾ ಬಂದ್, ಹಾಲು ಹಿಂದಿನ ದಿನಾನೇ ತಂದಿಡಿ. ಮೆರವಣಿಗೇಲಿ ನಮ್ಮ ಪಕ್ಕದಲ್ಲಿದ್ದ ಅಲ್ಲಿನ ಜನ ಛತ್ರಿ ಬಿಚ್ಚಿ ತಲೆಕೆಳಗಾಗಿ ಹಿಡಿದು ಅರ್ಧ ಕೆಜಿ ಮಿಠಾಯಿ ತುಂಬಿಸ್ಕೊಂಡ್ರು. ದೊಡ್ಡ ಛತ್ರಿ ಒಂದು ಇಟ್ಕೊಳ್ಳಿ, ಮಳೆಗೂ ಆಗತ್ತೆ.