ಪದ ವಿಚಾರ: ವೆಚ್ಚ ‘ಭರಿಸು’ವುದೆಂದರೆ ಕೈಯಿಂದ ಕೊಡುವುದೇ?

ಪ್ರಶ್ನೆ: ತೋಟದ ಕಾಫಿ ಫಸಲು ಮಾರುವ ಕರಾರಿನಲ್ಲಿ ‘ಕೊಯ್ಲು ಮತ್ತು ಸಾಗಣೆ ವೆಚ್ಚವನ್ನು ಖರೀದಿದಾರರಿಂದ ಬರಿಸತಕ್ಕದ್ದು’ ಎಂದಿದೆ. ಕೂಲಿಯನ್ನು ಅವರೇ ನೇರವಾಗಿ ಕೊಡಬೇಕೇ? ನಾವು ಕೊಟ್ಟು ಆಮೇಲೆ ಪಡೆಯಬೇಕೇ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ಮೊದಲು ಕಾಗುಣಿತ. ‘ಬರಿಸು’ ಎಂದರೆ ಬರುವಂತೆ ಮಾಡು. ‘ಮಂಪರು ಬರಿಸುವ ಔಷಧ’ ಎನ್ನುತ್ತೇವಲ್ಲ, ಅದು. ಖರ್ಚಿಗೆ ಬೇಕಾದದ್ದು ಮಹಾಪ್ರಾಣದ ‘ಭರಿಸು’. ಹೊರು ಎಂಬ ಅರ್ಥದ ಸಂಸ್ಕೃತದ ‘ಭೃ’ ಧಾತುವಿನಿಂದ ಬಂದದ್ದು, ‘ಭಾರ’ದ ಬಂಧು. ಆಡುವಾಗ ಎರಡೂ ಒಂದೇ ಥರ ಕೇಳುವುದರಿಂದ ಬರೆಯುವಾಗ ತಪ್ಪುತ್ತದೆ.

‘ಖರೀದಿದಾರರಿಂದ’ ಎಂಬುದು ಅದಕ್ಕಿಂತ ದೊಡ್ಡ ತೊಡಕು. ಅವರಿಂದ ವಸೂಲು ಮಾಡಬೇಕು ಎಂದೂ ಅದನ್ನು ಓದಬಹುದು. ‘ಖರೀದಿದಾರರು ಭರಿಸತಕ್ಕದ್ದು’ ಎಂದು ಬರೆದರೆ ಗೊಂದಲವಿಲ್ಲ. ‘ಭರಿಸಲಾಗುವುದು’ ಅಂತೂ ಕರಾರಿಗೆ ಬೇಡವೇ ಬೇಡ, ಯಾರು ಎಂಬುದೇ ಅದರಲ್ಲಿ ಅಡಗಿಹೋಗುತ್ತದೆ. ‘ಭರಿಸಬಹುದು’ ಎಂದರೆ ಕಡ್ಡಾಯವಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಖರ್ಚಿನ ಹೊರೆ ಕೊನೆಗೆ ಯಾರ ಮೇಲೆ ಎಂಬುದನ್ನಷ್ಟೇ ‘ಭರಿಸು’ ಹೇಳುತ್ತದೆ. ಹಣ ಯಾವಾಗ, ಯಾರ ಕೈಯಿಂದ ಹೋಗಬೇಕೆಂದು ಹೇಳುವುದಿಲ್ಲ. ಅದಕ್ಕೆ ಪಾವತಿಸು, ಕೊಡು, ಹಿಂದಿರುಗಿಸು ಎಂಬ ಮಾತುಗಳೇ ಬೇಕು. ವಾರದ ಕೂಲಿಯನ್ನು ನೀವು ಕೊಟ್ಟು ನಂತರ ಅವರಿಂದ ಪಡೆದರೂ ಖರ್ಚು ಭರಿಸಿದವರು ಅವರೇ. ಹಾಗಾಗಿ ಹೀಗೆ ಬರೆಸಿ:

‘ಕೊಯ್ಲಿನ ಕೂಲಿ, ಲೋಡಿಂಗ್ ಕೂಲಿ ಹಾಗೂ ತೋಟದಿಂದ ಕುಶಾಲನಗರದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ವರೆಗಿನ ಲಾರಿ ಬಾಡಿಗೆಯನ್ನು ಖರೀದಿದಾರರು ಭರಿಸತಕ್ಕದ್ದು. ಇವುಗಳಿಗೆ ಮಾಲೀಕರು ಮೊದಲು ಕೊಟ್ಟ ಹಣವನ್ನು, ರಸೀದಿ ತಲುಪಿದ 7 ದಿನಗಳೊಳಗೆ ಖರೀದಿದಾರರು ಹಿಂದಿರುಗಿಸತಕ್ಕದ್ದು.’

ದಿನಗಳನ್ನು ನಿಮ್ಮ ಒಪ್ಪಂದದಂತೆ ಬದಲಿಸಿಕೊಳ್ಳಿ. ‘ಸಾಗಣೆ ಇತ್ಯಾದಿ’ ಎಂದು ಮಾತ್ರ ಬಿಡಬೇಡಿ. ಗೋಣಿಚೀಲದ ಬೆಲೆ, ಇಳಿಸುವ ಕೂಲಿ ಅದರಲ್ಲಿ ಸೇರಿದೆಯೇ ಎಂಬ ಜಗಳ ಆ ‘ಇತ್ಯಾದಿ’ಯಿಂದಲೇ ಹುಟ್ಟುವುದು.

‘ನಷ್ಟ ಭರಿಸು’ ಎಂದು ಬರೆಯುವಾಗಲೂ ಎಚ್ಚರವಿರಲಿ. ನಷ್ಟ ತಾವೇ ಅನುಭವಿಸಿದರೋ, ಇನ್ನೊಬ್ಬರಿಗೆ ಪರಿಹಾರ ಕೊಟ್ಟರೋ? ಎರಡೂ ಅರ್ಥ ಹೊರಡುತ್ತದೆ. ಪರಿಹಾರವಾದರೆ ‘ನಷ್ಟ ತುಂಬಿಕೊಡು’ ಎನ್ನಿ.

ಪ್ರಶ್ನೆ: ‘ಕಾಳುಮೆಣಸಿನ ಹಣ ತೋಟದ ಖರ್ಚನ್ನು ಭರಿಸಿತು’ ಎಂಬ ವಾಕ್ಯ ಸರಿಯೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಅರ್ಥವಾಗುತ್ತದೆ, ಆದರೆ ಕನ್ನಡದ ಕಿವಿಗೆ ಒಗ್ಗುವುದಿಲ್ಲ. ಭರಿಸುವವರು ಸಾಮಾನ್ಯವಾಗಿ ವ್ಯಕ್ತಿ, ಸಂಘ, ಸರ್ಕಾರ. ಆದಾಯದ ಮಾತು ಬಂದಾಗ ‘ಮೆಣಸಿನ ಹಣದಲ್ಲಿ ತೋಟದ ಖರ್ಚು ತೂಗಿಸಿದರು’ ಅಥವಾ ‘ಸರಿದೂಗಿಸಿದರು’ ಎನ್ನುವುದು ರೂಢಿ. ಶುಲ್ಕ, ಕರೆಂಟು ಬಿಲ್ಲಿಗೆ ‘ಕಟ್ಟು’ ಸಾಕು. ದಂಡಕ್ಕೂ ಬೆಲೆಗೂ ‘ತೆರು’ ಎಂಬ ಅಚ್ಚಗನ್ನಡ ಪದವಿದೆ. ‘ತೆರಿಗೆ’ ಬಂದದ್ದು ಅದರಿಂದಲೇ. ಅದರ ಭೂತಕಾಲ ‘ತೆತ್ತರು’, ‘ತೆರಿದರು’ ಅಲ್ಲ.