ಬಿದ್ದಿಲ್ಲ, ಎಕ್ಸ್‌ರೇ ನಾರ್ಮಲ್. ಆದರೂ 70 ದಾಟಿದ ಅಮ್ಮನಿಗೆ ತೊಡೆಸಂದಿನಲ್ಲಿ ನೋವು ಏಕೆ?

ಆಸ್ಟಿಯೋಪೊರೋಸಿಸ್‌ನಿಂದ ಟೊಳ್ಳಾದ ಮೂಳೆ ಬೀಳದೆಯೂ ಬಿರುಕು ಬಿಡುತ್ತದೆ. ದಿನದ ನಡಿಗೆ, ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮೆಟ್ಟಿಲು, ಇಷ್ಟೇ ಸಾಕು. ಕಾಲೂರಿದಾಗ ತೊಡೆಸಂದಿನಲ್ಲಿ ನೋವು, ಕುಳಿತರೆ ಕಡಿಮೆ: ಇದೇ ಮುಖ್ಯ ಸುಳಿವು. ಕೆಲವರಿಗೆ ನೋವು ಮಂಡಿಯಲ್ಲಷ್ಟೇ ಕಾಣಿಸಿಕೊಳ್ಳುತ್ತದೆ. ಆಗ ಮನೆಯವರೆಲ್ಲ ಮಂಡಿಗೇ ಎಣ್ಣೆ ತಿಕ್ಕುತ್ತಾ ಕೂರುತ್ತಾರೆ.

ಕೂದಲೆಳೆಯಷ್ಟು ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದಿರಬಹುದು. ಆ ರಿಪೋರ್ಟ್ ನಂಬಿ ಲಾಲ್‌ಬಾಗ್ ವಾಕಿಂಗ್ ಮುಂದುವರಿಸಬೇಡಿ. ಮೂಳೆ ವೈದ್ಯರಿಗೆ ತೋರಿಸಿ, ಎಂಆರ್‌ಐ ಬಗ್ಗೆ ನೀವೇ ಕೇಳಿ. ಅಲ್ಲಿಯವರೆಗೆ ವಾಕರ್ ಹಿಡಿದೇ ಓಡಾಟ, ಆ ಕಾಲಿಗೆ ಭಾರ ಬೀಳಬಾರದು. ನೆಲದ ಮೇಲೆ ಕೂರುವುದು, ಇಂಡಿಯನ್ ಟಾಯ್ಲೆಟ್, ಮಸಾಜ್ ಯಾವುದೂ ಬೇಡ.

ಚಿಕಿತ್ಸೆ ಬಿರುಕಿನ ಜಾಗದ ಮೇಲೆ ನಿಂತಿದೆ. ಹೆಜ್ಜೆಯಿಟ್ಟಾಗ ತೊಡೆಮೂಳೆಯ ಕುತ್ತಿಗೆಯ (ಸೊಂಟದ ಕೀಲಿನ ಬಳಿಯ ಕಿರಿದಾದ ಭಾಗ) ಕೆಳಬದಿ ಒತ್ತಿಕೊಳ್ಳುತ್ತದೆ. ಅಲ್ಲಿನ ಸಣ್ಣ ಬಿರುಕು 6ರಿಂದ 8 ವಾರ ಭಾರ ಹಾಕದಿದ್ದರೆ ಹೆಚ್ಚಾಗಿ ಕೂಡಿಕೊಳ್ಳುತ್ತದೆ. ಮೇಲ್ಬದಿ ಹಾಗಲ್ಲ, ಎಳೆದುಕೊಳ್ಳುತ್ತದೆ, ಬಿರುಕು ಬಾಯಿ ಬಿಡುತ್ತದೆ. ಅಲ್ಲಿ ಕಾಯುವುದು ಅಪಾಯ. ಸಾಮಾನ್ಯವಾಗಿ ಬೇಗನೆ ಸ್ಕ್ರೂ ಹಾಕುತ್ತಾರೆ. ಮೂಳೆ ಜರುಗಿದರೆ ಅದರ ತಲೆಭಾಗಕ್ಕೆ ರಕ್ತ ಸಾಗದೆ ಕೀಲನ್ನೇ ಬದಲಿಸಬೇಕಾದೀತು.

ಆಸ್ಟಿಯೋಪೊರೋಸಿಸ್‌ಗೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ಹಲವು ವರ್ಷ ತೆಗೆದುಕೊಂಡವರಿಗೆ ತೊಡೆಯ ನಡುವೆ ನೋವು ಬಂದರೆ ಅದು ಬೇರೆ ಬಗೆಯ ಬಿರುಕು ಇರಬಹುದು. ಎರಡೂ ತೊಡೆಮೂಳೆಗಳ ಪೂರ್ತಿ ಎಕ್ಸ್‌ರೇ ಬೇಕು. ವಿಟಮಿನ್ ಡಿ, ಕ್ಯಾಲ್ಸಿಯಂ, ಡೆಕ್ಸಾ (ಮೂಳೆ ಸಾಂದ್ರತೆ) ಪರೀಕ್ಷೆ ಇಂಥ ಬಿರುಕಿರುವ ಎಲ್ಲರಿಗೂ.

ದಿಢೀರನೆ ಕಾಲೂರಲಾಗದಿದ್ದರೆ, ಪಾದ ಹೊರಕ್ಕೆ ತಿರುಗಿದ್ದರೆ ಆಟೋ ಹತ್ತಿಸಬೇಡಿ. ಮಲಗಿದಲ್ಲೇ ಇರಿಸಿ 108ಕ್ಕೆ ಕರೆ ಮಾಡಿ.